ಮೆಲ್ಬರ್ನ್ ಕಡೆ ಸೋಲಾರ್ ಮನೆಗೆ ಸೈಟ್ ಹುಡುಕ್ತಿದೀರಾ? ಮೊದಲು ಉತ್ತರ ಯಾವ ಕಡೆ ಅಂತ ನೋಡ್ಕೊಳ್ಳಿ

ನಮ್ಮೋರು ಇಲ್ಲಿ ಸೈಟ್ ನೋಡೋಕೆ ಹೋದ್ರೆ ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ, "ಈಸ್ಟ್ ಫೇಸಿಂಗ್ ಇದೆಯಾ?" ನಾವೂ ಅದನ್ನೇ ಕೇಳಿದ್ವಿ. ಮೆಲ್ಬರ್ನಿನ ಪಶ್ಚಿಮದ ಹೊಸ ಬಡಾವಣೆ, ಹನ್ನೆರಡೂವರೆ ಮೀಟರ್ ಅಗಲ, 28 ಮೀಟರ್ ಉದ್ದ, ಬಾಗಿಲು ಪೂರ್ವಕ್ಕೆ, ಊರಲ್ಲಿ ಅಮ್ಮನಿಗೂ ಸಮಾಧಾನ. ಮನೆ ಕಟ್ಟಿ ಛಾವಣಿ ಮೇಲೆ 6.6 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದ್ವಿ, ಮೊದಲ ವರ್ಷ ಎಲ್ಲಾ ಚೆನ್ನಾಗೇ ಇತ್ತು. ಎರಡನೇ ವರ್ಷ ಪಕ್ಕದ ಖಾಲಿ ಸೈಟಲ್ಲಿ ಎರಡಂತಸ್ತಿನ ಮನೆ ಎದ್ದಿತು, ಆ ಪಕ್ಕ ಅನ್ನೋದು ನಮಗೆ ಉತ್ತರ ದಿಕ್ಕು, ಜೂನ್ ಬಂದಾಗ ನೋಡಿದ್ರೆ ನಡುಮಧ್ಯಾಹ್ನಾನೂ ಕೆಳಗಿನ ಸಾಲಿನ ಪ್ಯಾನೆಲ್‌ಗಳ ಮೇಲೆ ಅವರ ಗೋಡೆ ನೆರಳು ಕೂತಿತ್ತು. ಪಕ್ಕದೋರದ್ದೇನೂ ತಪ್ಪಿಲ್ಲ, ಅವರ ಸೈಟು, ಅವರು ಕಟ್ಕೊಂಡ್ರು. ಸೈಟ್ ಆರಿಸೋವಾಗ ನಾವು ಕೇಳ್ಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು, ಅದನ್ನ ನಮಗೆ ಯಾರೂ ಹೇಳಿರಲಿಲ್ಲ. ಪ್ಯಾನೆಲ್ ಹಳೇದಾದ್ರೆ ಬದಲಾಯಿಸ್ಬಹುದು, ಬ್ಯಾಟರಿ ಹತ್ತು ವರ್ಷ ಬಿಟ್ಟು ತಗೋಬಹುದು, ಆದ್ರೆ ಸೈಟಿಗೆ ಬೀಳೋ ಬಿಸಿಲನ್ನ ಆಮೇಲೆ ದುಡ್ಡು ಕೊಟ್ಟು ತರೋಕಾಗಲ್ಲ. ಅದಕ್ಕೇ ಇದನ್ನ ಹಂತ ಹಂತವಾಗಿ ಬರೀತಿದೀನಿ. ನಾನು ಬರೆಯೋದು ವಿಕ್ಟೋರಿಯಾ ರಾಜ್ಯದ ಲೆಕ್ಕದಲ್ಲಿ, ಬೇರೆ ರಾಜ್ಯಗಳಲ್ಲಿ ಕಾನೂನು ಸ್ವಲ್ಪ ಬೇರೆ, ಸೂರ್ಯ ಮಾತ್ರ ಒಬ್ಬನೇ.

ಹಂತ 1: ನಿಮಗೆ ಕೊಳ್ಳೋಕೆ ಅವಕಾಶ ಇದೆಯಾ, ದುಡ್ಡು ಹೇಗೆ ಬರುತ್ತೆ

ಸಿಟಿಜನ್ ಅಥವಾ ಪಿಆರ್ (ಕಾಯಂ ವಾಸದ ವೀಸಾ ಇರೋರು) ಆಗಿದ್ರೆ ಈ ಹಂತ ಬಿಟ್ಟು ಮುಂದೆ ಹೋಗಿ. ವರ್ಕ್ ವೀಸಾ, ಸ್ಟೂಡೆಂಟ್ ವೀಸಾದಲ್ಲಿ ಇರೋರು, ಅಥವಾ ಇನ್ನೂ ಬೆಂಗಳೂರಲ್ಲೇ ಕೂತು ಕೊಳ್ಳೋ ಯೋಚನೆ ಮಾಡ್ತಿರೋರು ಫಾರಿನ್ ಪರ್ಸನ್ ಲೆಕ್ಕಕ್ಕೆ ಬರ್ತೀರಿ. 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಅಂತ ಹೇಳಿ ಫಾರಿನ್ ಪರ್ಸನ್‌ಗಳು ಕಟ್ಟಿರೋ ಹಳೇ ಮನೆ ಕೊಳ್ಳೋದನ್ನ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ನಿಲ್ಲಿಸ್ತು. ಖಾಲಿ ಸೈಟ್ ಕೊಳ್ಳೋಕೆ ದಾರಿ ಇದೆ, ಆದ್ರೆ ಫರ್ಬ್ ಅಂತ ಕರೆಯೋ ವಿದೇಶಿ ಹೂಡಿಕೆ ಅನುಮತಿ ಮೊದಲೇ ತಗೋಬೇಕು, ಅದರ ಫೀಸೇ ಸಾಮಾನ್ಯ ಸೈಟಿಗೆ ಹತ್ತು ಸಾವಿರ ಡಾಲರ್ ದಾಟುತ್ತೆ, ಜೊತೆಗೆ ನಾಲ್ಕು ವರ್ಷದೊಳಗೆ ಮನೆ ಕಟ್ಟಿ ಮುಗಿಸ್ಬೇಕು ಅನ್ನೋ ಷರತ್ತು. ಅಂದ್ರೆ ಊರಲ್ಲಿ ಮಾಡೋ ಹಾಗೆ ಸೈಟ್ ಹಿಡಿದು ಬೇಲಿ ಹಾಕಿ ರೇಟ್ ಏರೋ ತನಕ ಕಾಯೋದು ಇಲ್ಲಿ ನಡೆಯಲ್ಲ. ಇದರ ಮೇಲೆ ವಿಕ್ಟೋರಿಯಾದಲ್ಲಿ ಮಾಮೂಲಿ ಸ್ಟ್ಯಾಂಪ್ ಡ್ಯೂಟಿ ಜೊತೆಗೆ ಶೇಕಡಾ 8 ಹೆಚ್ಚುವರಿ ಡ್ಯೂಟಿ, 5 ಲಕ್ಷ ಡಾಲರ್ ಸೈಟಿಗೆ ಅದೊಂದೇ 40 ಸಾವಿರ. ನನ್ನ ಅಭಿಪ್ರಾಯ ಕೇಳಿದ್ರೆ ಪಿಆರ್ ಹತ್ತಿರದಲ್ಲಿ ಇದ್ರೆ ಕಾಯಿರಿ, ಆ 40 ಸಾವಿರದಲ್ಲಿ ಒಳ್ಳೇ ಸೋಲಾರ್, ಬ್ಯಾಟರಿ ಎರಡೂ ಬಂದು ಇನ್ನೂ ದುಡ್ಡು ಮಿಗುತ್ತೆ.

ಭಾರತದಲ್ಲೇ ವಾಸ ಇರೋರು ದುಡ್ಡು ಕಳಿಸೋದು ಎಲ್‌ಆರ್‌ಎಸ್ ಅನ್ನೋ ಆರ್‌ಬಿಐ ಯೋಜನೆ ಅಡಿಯಲ್ಲಿ, ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಅಮೆರಿಕನ್ ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇಕಡಾ 20 ಟಿಸಿಎಸ್ ಅಂತ ತೆರಿಗೆ ಮೊದಲೇ ಹಿಡ್ಕೊಳ್ಳುತ್ತೆ, ಐಟಿ ರಿಟರ್ನಲ್ಲಿ ಅದು ಹೊಂದಾಣಿಕೆ ಆಗುತ್ತೆ ನಿಜ, ಆದ್ರೆ ಅಲ್ಲೀವರೆಗೂ ಆ ದುಡ್ಡು ನಿಮ್ಮ ಕೈಲಿರಲ್ಲ, ಸೆಟಲ್‌ಮೆಂಟ್ ದಿನದ, ಅಂದ್ರೆ ಪೂರ್ತಿ ದುಡ್ಡು ಕಟ್ಟಿ ಸೈಟ್ ನಿಮ್ಮ ಹೆಸರಿಗೆ ಆಗೋ ದಿನದ, ಲೆಕ್ಕ ತಪ್ಪೋದು ಇಲ್ಲೇ. ಪ್ರತಿ ವರ್ಷ ರಿಟರ್ನಿನ ಶೆಡ್ಯೂಲ್ ಎಫ್‌ಎ ಅನ್ನೋ ವಿದೇಶಿ ಆಸ್ತಿ ಪಟ್ಟಿಯಲ್ಲಿ ಈ ಆಸ್ತಿ ತೋರಿಸ್ಲೇಬೇಕು, ಮರೆತ್ರೆ 2015ರ ಬ್ಲ್ಯಾಕ್ ಮನಿ ಕಾಯ್ದೆ ತಲೆ ಮೇಲೆ ಬರುತ್ತೆ. ಎನ್‌ಆರ್‌ಐ ಆಗಿದ್ದು ಊರಿನ ಸೈಟೋ ತೋಟಾನೋ ಮಾರಿ ದುಡ್ಡು ತರ್ತಿದ್ರೆ ಎನ್‌ಆರ್‌ಒ ಖಾತೆಯಿಂದ (ಎನ್‌ಆರ್‌ಐಗಳ ಊರಿನ ದುಡ್ಡು ಇಡೋ ಬ್ಯಾಂಕ್ ಖಾತೆ) ವರ್ಷಕ್ಕೆ 10 ಲಕ್ಷ ಅಮೆರಿಕನ್ ಡಾಲರ್ ತನಕ ತರಬಹುದು, ಅದಕ್ಕೆ ಸಿಎ ಸರ್ಟಿಫಿಕೇಟ್ ಬೇಕು, ಸೈಟ್ ಹುಡುಕೋಕೆ ಮುಂಚೇನೇ ಆ ಕೆಲಸ ಶುರು ಮಾಡಿ.

ಹಂತ 2: ಸೂರ್ಯ ಎಲ್ಲಿರ್ತಾನೆ ಅಂತ ತಲೆಗೆ ಹಾಕ್ಕೊಳ್ಳಿ

ಇದು ಅರ್ಥ ಆಗದೆ ಮುಂದಿನದ್ಯಾವುದೂ ಉಪಯೋಗಕ್ಕೆ ಬರಲ್ಲ, ಹಾಗಾಗಿ ನಿಧಾನವಾಗಿ ಹೇಳ್ತೀನಿ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಲ್ಲಿ ಸೂರ್ಯ ಬಹುಪಾಲು ತಲೆ ಮೇಲೇ ಇರ್ತಾನೆ, ಡಿಸೆಂಬರ್‌ನಲ್ಲಿ ಸ್ವಲ್ಪ ದಕ್ಷಿಣಕ್ಕೆ ವಾಲ್ತಾನೆ, ಆಗ್ಲೂ ಮಧ್ಯಾಹ್ನ 53 ಡಿಗ್ರಿಗಿಂತ ಕೆಳಗೆ ಬರಲ್ಲ. ಅದಕ್ಕೇ ನಮ್ಮೂರಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಇಡ್ತಾರೆ. ಮೆಲ್ಬರ್ನ್ ಸುಮಾರು 38 ಡಿಗ್ರಿ ದಕ್ಷಿಣ. ಇಲ್ಲಿ ಸೂರ್ಯ ವರ್ಷಪೂರ್ತಿ ಮಧ್ಯಾಹ್ನ ಉತ್ತರದಲ್ಲೇ ಇರ್ತಾನೆ, ಒಂದು ದಿನಾನೂ ನೆತ್ತಿ ಮೇಲೆ ಬರಲ್ಲ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಹೇಳೋದಾದ್ರೆ ಉತ್ತರಾಯಣದಲ್ಲಿ ಸೂರ್ಯ ನಮ್ಮೂರ ಕಡೆ ಹೋಗ್ತಾನೆ ಅಂದ್ರೆ ಇಲ್ಲಿಂದ ದೂರ ಹೋಗ್ತಾನೆ, ಊರಲ್ಲಿ ಕಾರ ಹುಣ್ಣಿಮೆ ಮಾಡೋ ಹೊತ್ತಿಗೆ ಇಲ್ಲಿ ವರ್ಷದಲ್ಲೇ ಚಿಕ್ಕ ಹಗಲು, ಬರೀ ಒಂಬತ್ತೂವರೆ ಗಂಟೆ, ಜೂನ್ 21ರ ಸುಮಾರಿಗೆ ಮಧ್ಯಾಹ್ನದ ಸೂರ್ಯನ ಎತ್ತರ 29 ಡಿಗ್ರಿ ಅಷ್ಟೇ. ಡಿಸೆಂಬರಲ್ಲಿ ಅದೇ ಸೂರ್ಯ 75 ಡಿಗ್ರಿ ದಾಟ್ತಾನೆ, ಹಗಲು ಹದಿನಾಲ್ಕೂಮುಕ್ಕಾಲು ಗಂಟೆ.

ಇದರ ಪರಿಣಾಮ ನೆರಳಿನ ಉದ್ದದಲ್ಲಿ ಕಾಣುತ್ತೆ. ಒಂದು ಮೀಟರ್ ಕೋಲು ನೆಟ್ರೆ ಜೂನ್ ಮಧ್ಯಾಹ್ನ ಇಲ್ಲಿ ನೆರಳು 1.8 ಮೀಟರ್ ಬೀಳುತ್ತೆ, ಬೆಂಗಳೂರಲ್ಲಿ ಅತಿ ಉದ್ದದ ನೆರಳಿನ ಡಿಸೆಂಬರಲ್ಲೂ ಮುಕ್ಕಾಲು ಮೀಟರ್ ದಾಟಲ್ಲ. ಈ 1.8 ಅನ್ನೋ ಒಂದು ನಂಬರ್ ನೆನಪಿಟ್ಕೊಳ್ಳಿ ಸಾಕು. ಆರು ಮೀಟರ್ ಎತ್ತರದ ಎರಡಂತಸ್ತಿನ ಗೋಡೆ ಅಂದ್ರೆ ದಕ್ಷಿಣಕ್ಕೆ ಹತ್ತಿರ ಹತ್ತಿರ 11 ಮೀಟರ್ ನೆರಳು, ಅದೂ ಮಧ್ಯಾಹ್ನದ ಲೆಕ್ಕ, ಬೆಳಗ್ಗೆ ಸಾಯಂಕಾಲ ಇನ್ನೂ ಉದ್ದ. ಮನೆ ಮನೆ ನಡುವೆ ಎರಡು ಮೀಟರ್ ಜಾಗ ಇರೋ ಬಡಾವಣೆಯಲ್ಲಿ 11 ಮೀಟರ್ ನೆರಳು ಎಲ್ಲಿಗೆ ಹೋಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ಜೂನ್ ಬಗ್ಗೆ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಮನೆಗೆ ಕರೆಂಟ್ ಜಾಸ್ತಿ ಬೇಕಾಗೋದೇ ಆಗ. 2024ರ ಜನವರಿ 1ರಿಂದ ವಿಕ್ಟೋರಿಯಾದಲ್ಲಿ ಪ್ಲಾನಿಂಗ್ ಪರ್ಮಿಟ್ ಬೇಕಾಗೋ ಹೊಸ ಮನೆ, ಹೊಸ ಬಡಾವಣೆಗಳಿಗೆ ಗ್ಯಾಸ್ ಕನೆಕ್ಷನ್ ಇಲ್ಲ, ಎಲ್ಲಾ ಎಲೆಕ್ಟ್ರಿಕ್ಕೇ, ಹಾಗಾಗಿ ಚಳಿಗಾಲದ ಹೀಟಿಂಗು, ಬಿಸಿನೀರು, ಅಡುಗೆ ಎಲ್ಲಾ ಕರೆಂಟಿಂದ. ಜೂನಲ್ಲಿ ಪ್ಯಾನೆಲ್ ಕೊಡೋದು ಜನವರಿಯ ಅರ್ಧಕ್ಕಿಂತ ಕಡಿಮೆ, ಅದರ ಮೇಲೆ ನೆರಳೂ ಬಿದ್ರೆ ಮುಗೀತು. ಇನ್ನು ಬೇಸಿಗೆಯಲ್ಲಿ ಮಿಕ್ಕಿದ್ದನ್ನ ಗ್ರಿಡ್‌ಗೆ ಮಾರಿ ಸರಿದೂಗಿಸ್ತೀನಿ ಅನ್ನೋ ಕಾಲ ಹೋಯ್ತು. 2009ರಲ್ಲಿ ಪ್ರೀಮಿಯಂ ಫೀಡ್ ಇನ್ ಅಂತ ಯೂನಿಟ್‌ಗೆ 60 ಸೆಂಟ್ ಕೊಡೋಕೆ ಶುರು ಮಾಡಿದ್ರು, 2025-26ಕ್ಕೆ ರಾಜ್ಯದ ಕನಿಷ್ಠ ದರ 0.04 ಸೆಂಟ್‌ಗೆ ಬಂತು, ಒಂದು ಸೆಂಟಿನ ಇಪ್ಪತ್ತೈದನೇ ಒಂದು ಭಾಗ. ಹಾಗಾಗಿ ಈಗ ಲೆಕ್ಕಕ್ಕೆ ಬರೋದು ನೀವೇ ಬಳಸೋ ಕರೆಂಟು, ಅದರಲ್ಲೂ ಚಳಿಗಾಲದ್ದು.

ಹಂತ 3: ಯಾವ ಊರು ಅನ್ನೋದಕ್ಕಿಂತ ಯಾವ ಸೈಟು ಅನ್ನೋದು ಮುಖ್ಯ

ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ಎಷ್ಟು ಯೂನಿಟ್ ಕೊಡುತ್ತೆ ಅಂತ ಇಲ್ಲಿ ಇಂಡಸ್ಟ್ರಿಯೋರು ಬಳಸೋ ಅಂಕಿ ಹೀಗಿದೆ, ಪರ್ತ್ 4.4, ಅಡಿಲೇಡ್ ಮತ್ತು ಬ್ರಿಸ್ಬೇನ್ 4.2, ಸಿಡ್ನಿ 3.9, ಮೆಲ್ಬರ್ನ್ 3.6, ಹೋಬಾರ್ಟ್ 3.5. ಮೆಲ್ಬರ್ನಲ್ಲಿ 6.6 ಕಿಲೋವ್ಯಾಟ್ ಅಂದ್ರೆ ವರ್ಷದ ಸರಾಸರಿ ದಿನಕ್ಕೆ ಸುಮಾರು 24 ಯೂನಿಟ್. ಪರ್ತಿಗೂ ಮೆಲ್ಬರ್ನಿಗೂ ವ್ಯತ್ಯಾಸ ಐದರಲ್ಲಿ ಒಂದು ಪಾಲು, ಅದನ್ನ ಮೂರು ನಾಲ್ಕು ಪ್ಯಾನೆಲ್ ಜಾಸ್ತಿ ಹಾಕಿ ತುಂಬಿಸ್ಕೋಬಹುದು. ಹಾಗಾಗಿ ಬಿಸಿಲಿಗೋಸ್ಕರ ಊರು ಬಿಡೋದು ಬೇಡ, ಕೆಲಸ ಎಲ್ಲಿದೆಯೋ, ಮಕ್ಕಳ ಸ್ಕೂಲ್ ಎಲ್ಲಿದೆಯೋ ಅಲ್ಲೇ ನೋಡಿ. ಗ್ಲೋಬಲ್ ಸೋಲಾರ್ ಅಟ್ಲಾಸ್ ಅಂತ ವರ್ಲ್ಡ್ ಬ್ಯಾಂಕಿನ ಫ್ರೀ ಮ್ಯಾಪ್ ಇದೆ, ಸನ್‌ಸ್ಪಾಟ್ ಅಂತ ಆಸ್ಟ್ರೇಲಿಯಾದ್ದೇ ಟೂಲ್ ಇದೆ, ಎರಡರಲ್ಲೂ ನಿಮ್ಮ ಏರಿಯಾ ಒಂದ್ಸಲ ಹಾಕಿ ನೋಡಿ.

ಹಂತ 4: ಸೈಟಿನ ದಿಕ್ಕು, ಇಲ್ಲೇ ಎಲ್ಲಾ ತೀರ್ಮಾನ ಆಗೋದು

ಈಸ್ಟ್ ಫೇಸಿಂಗ್ ಸೈಟ್ ಅಂದ್ರೇನು? ರಸ್ತೆ ಪೂರ್ವಕ್ಕೆ, ಹಿತ್ತಲು ಪಶ್ಚಿಮಕ್ಕೆ. ಹಾಗಾದ್ರೆ ಉದ್ದದ ಎರಡು ಬದಿಗಳು ಉತ್ತರ, ದಕ್ಷಿಣ, ಅಂದ್ರೆ ಉತ್ತರಕ್ಕೆ ಪಕ್ಕದ ಮನೆ ಗೋಡೆ, ಒಂದೆರಡು ಮೀಟರ್ ದೂರದಲ್ಲಿ. ನಾವು ಹಂಬಲಿಸಿ ತಗೊಳ್ಳೋ ಸೈಟೇ ಸೋಲಾರಿಗೆ ಹೆಚ್ಚು ಅಪಾಯದ್ದು. ಪ್ಯಾನೆಲ್ ಎತ್ತರದಲ್ಲಿರೋದ್ರಿಂದ ಪಕ್ಕದ್ದು ಒಂದಂತಸ್ತಿನ ಮನೆಯಾಗಿದ್ರೆ ತೊಂದರೆ ಇಲ್ಲ, ಎರಡಂತಸ್ತು ಬಂದ್ರೆ ನಮಗಾದ ಹಾಗೇ ಆಗುತ್ತೆ. ಪ್ಯಾನೆಲ್ ಕಥೆ ಹಾಗಿರ್ಲಿ, ಒಂದಂತಸ್ತಿನ ಗೋಡೆ ಇದ್ರೂ ಆ ಬದಿಯ ಕಿಟಕಿಗಳಿಗೆ ಚಳಿಗಾಲದ ಬಿಸಿಲು ಬರೋದೇ ಇಲ್ಲ, ಹೀಟರ್ ಇಡೀ ದಿನ ಓಡುತ್ತೆ. ಸೋಲಾರ್ ಮನೆ ಅಂದ್ರೆ ಪ್ಯಾನೆಲ್ ಒಂದೇ ಅಲ್ಲ, ಕಿಟಕಿಯಿಂದ ಒಳಗೆ ಬರೋ ಬಿಸಿಲೂ ಸೋಲಾರ್ರೇ, ಅದು ಪುಕ್ಕಟೆ.

ವಾಸ್ತು ಬಿಟ್ಬಿಡಿ ಅಂತ ನಾನು ಹೇಳ್ತಿಲ್ಲ, ಹಿರಿಯರ ಮನಸ್ಸು ನೋಯಿಸಿ ಕಟ್ಟೋ ಮನೆ ನನಗೂ ಬೇಡ. ಎರಡೂ ಕೂಡಿಬರೋ ಸೈಟ್ ಇದೆ, ಹುಡುಕ್ಬೇಕು ಅಷ್ಟೇ. ನನ್ನ ಪ್ರಕಾರ ಮೊದಲ ಆಯ್ಕೆ ಕಾರ್ನರ್ ಸೈಟ್, ಪೂರ್ವಕ್ಕೆ ಒಂದು ರಸ್ತೆ ಉತ್ತರಕ್ಕೆ ಇನ್ನೊಂದು ರಸ್ತೆ. ಬಾಗಿಲು ಪೂರ್ವಕ್ಕೇ ಇಡಬಹುದು, ಈಶಾನ್ಯ ತೆರೆದಿರುತ್ತೆ, ಉತ್ತರದ ರಸ್ತೆ ಮೇಲೆ ಯಾರೂ ಮನೆ ಕಟ್ಟೋಕಾಗಲ್ಲ, ಆ ಬಿಸಿಲು ಕಾಯಂ ನಿಮ್ಮದು. ಕಾರ್ನರ್ ಅಂದ್ರೆ ಫೆನ್ಸಿಂಗು, ಸೆಟ್‌ಬ್ಯಾಕು ಸ್ವಲ್ಪ ಜಾಸ್ತಿ, ಕೆಲವು ಸಾವಿರ ಡಾಲರ್ ಹೆಚ್ಚಾಗಬಹುದು, ಆದ್ರೂ ತಗೊಳ್ಳಿ ಅಂತೀನಿ. ಎರಡನೇದು ಉತ್ತರಕ್ಕೆ ರಸ್ತೆ ಇರೋ ಸೈಟ್. ಉತ್ತರದ ಬಾಗಿಲು ಕುಬೇರನ ದಿಕ್ಕು ಅಂತ ನಮ್ಮೋರೂ ಒಪ್ತಾರೆ, ರಸ್ತೆ ಅಗಲ, ಎರಡೂ ಕಡೆ ಮನೆ ಮುಂದಿನ ಜಾಗ ಎಲ್ಲಾ ಸೇರಿ ಎದುರುಮನೆ ನೆರಳು ನಿಮ್ಮ ತನಕ ಬರಲ್ಲ, ಹಾಲ್ ಮುಂದೆ ಇಟ್ಕೊಂಡ್ರೆ ಬಿಸಿಲೂ ಸಿಗುತ್ತೆ, ಸ್ವಲ್ಪ ಪ್ರೈವಸಿ ಕಡಿಮೆ ಅಷ್ಟೇ. ಮೂರನೇದು ಹಿತ್ತಲು ಉತ್ತರಕ್ಕಿರೋ ಸೈಟ್, ಇಲ್ಲಿನ ಆರ್ಕಿಟೆಕ್ಟ್‌ಗಳನ್ನ ಕೇಳಿದ್ರೆ ಇದೇ ಬೆಸ್ಟ್ ಅಂತಾರೆ, ಹಾಲು ಅಡುಗೆಮನೆ ಹಿಂದೆ, ಹಿತ್ತಲಲ್ಲಿ ಬಿಸಿಲು, ಮಕ್ಕಳು ಆಡೋಕೂ ಚೆನ್ನ. ಆದ್ರೆ ಬಾಗಿಲು ದಕ್ಷಿಣಕ್ಕೆ ಬರುತ್ತೆ, ಅದು ನಿಮ್ಮ ಮನೆಯೋರ ಜೊತೆ ಕೂತು ಮಾತಾಡಿ ತೀರ್ಮಾನ ಮಾಡೋ ವಿಷಯ. ಹಿತ್ತಲು ಕನಿಷ್ಠ ಏಳೆಂಟು ಮೀಟರ್ ಆಳ ಇರ್ಲಿ, ನಾಲ್ಕು ಮೀಟರ್ ಇದ್ರೆ ಹಿಂದಿನ ಮನೆ ನೆರಳು ಕಿಟಕಿಗೇ ಬರುತ್ತೆ. ಈಸ್ಟ್ ಫೇಸಿಂಗೇ ಬೇಕು, ಕಾರ್ನರ್ ಸಿಗಲಿಲ್ಲ ಅಂದ್ರೆ 14-16 ಮೀಟರ್ ಅಗಲದ್ದು ನೋಡಿ, ಮನೆಯನ್ನ ದಕ್ಷಿಣದ ಗಡಿ ಕಡೆ ತಳ್ಳಿ ಉತ್ತರಕ್ಕೆ ಜಾಗ ಬಿಡಿ.

ಖಾಲಿ ಸೈಟ್ ಪಕ್ಕ ನಿಂತ್ಕೊಂಡು "ಇಲ್ಲಿ ಎಷ್ಟು ಬಿಸಿಲು ಬರುತ್ತೆ" ಅಂತ ಖುಷಿಪಡಬೇಡಿ, ನಾವು ಮಾಡಿದ್ದು ಅದನ್ನೇ. ಉತ್ತರಕ್ಕಿರೋ ಪ್ರತಿ ಖಾಲಿ ಸೈಟಲ್ಲೂ ನಾಳೆ ಎರಡಂತಸ್ತು ಬರುತ್ತೆ ಅಂತಲೇ ಅಂದ್ಕೊಂಡು ಲೆಕ್ಕ ಹಾಕಿ.

ಇನ್ನೊಂದು, ಉತ್ತರ ಯಾವುದು ಅಂತ ಫೋನಿನ ಕಂಪಾಸ್ ನಂಬಿ ತೀರ್ಮಾನ ಮಾಡ್ಬೇಡಿ. ಬೆಂಗಳೂರಲ್ಲಿ ಕಂಪಾಸ್ ಮುಳ್ಳಿಗೂ ನಿಜವಾದ ಉತ್ತರಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಮೆಲ್ಬರ್ನಲ್ಲಿ ಮುಳ್ಳು ಸುಮಾರು 12 ಡಿಗ್ರಿ ಪೂರ್ವಕ್ಕೆ ತೋರಿಸುತ್ತೆ. ಫೋನ್ ಸೆಟ್ಟಿಂಗಲ್ಲಿ ಟ್ರೂ ನಾರ್ತ್ ಆನ್ ಮಾಡಿ, ಅಥವಾ ಸ್ಯಾಟಲೈಟ್ ಮ್ಯಾಪಲ್ಲಿ ರಸ್ತೆ ನೋಡಿ ಗುರುತು ಮಾಡ್ಕೊಳ್ಳಿ. ಡೆವಲಪರ್ ಕೊಡೋ ಬಣ್ಣದ ಪ್ಲಾನಲ್ಲಿ ಮೇಲ್ಗಡೆ ಉತ್ತರ ಇರ್ಲೇಬೇಕು ಅಂತೇನಿಲ್ಲ, ಮೂಲೆಯಲ್ಲಿರೋ ಚಿಕ್ಕ ಬಾಣ ಹುಡುಕಿ. ನಿಜ ಉತ್ತರದಿಂದ 20-30 ಡಿಗ್ರಿ ಆಚೀಚೆ ಆದ್ರೂ ಪ್ಯಾನೆಲ್‌ಗೆ ದೊಡ್ಡ ನಷ್ಟ ಇಲ್ಲ. ಪೂರ್ವ ಪಶ್ಚಿಮ ಛಾವಣಿ ಮೇಲೆ ಹಾಕಿದ್ರೂ ವರ್ಷದ ಲೆಕ್ಕದಲ್ಲಿ ಶೇಕಡಾ 10-15 ಕಮ್ಮಿ, ಪಶ್ಚಿಮದ್ದು ಸಾಯಂಕಾಲ ಮನೆಗೆ ಬಂದು ಅಡುಗೆ ಮಾಡೋ ಹೊತ್ತಿಗೆ ಕೆಲಸಕ್ಕೆ ಬರುತ್ತೆ.

ಇಳಿಜಾರು ಇದ್ರೆ ಉತ್ತರಕ್ಕೆ ಇಳಿಯೋ ಸೈಟ್ ತಗೊಳ್ಳಿ. ದಕ್ಷಿಣಕ್ಕೆ ಇಳಿಯೋದಾದ್ರೆ ಉತ್ತರದ ಮನೆ ನಿಮಗಿಂತ ಎತ್ತರದಲ್ಲಿ ಕೂರುತ್ತೆ, ನೆರಳು 11 ಮೀಟರಿಗೂ ಜಾಸ್ತಿ. ಮರಗಳನ್ನೂ ನೋಡಿ. ನಮ್ಮ ಕೋಲಾರದ ಕಡೆ ನೀಲಗಿರಿ ತೋಪು ನೋಡಿರೋರಿಗೆ ಅದು ಕಡಿದು ಮಾರೋ ಸಣಕಲು ಮರ, ಇಲ್ಲಿ ಅದು ತವರುಮನೇಲಿದೆ, ಮೂವತ್ತು ಮೀಟರ್ ಎತ್ತರ ಅನ್ನೋದು ಮಾಮೂಲಿ, ಚಳಿಗಾಲದಲ್ಲಿ ಎಲೆ ಉದುರಿಸಲ್ಲ, ಅಂದ್ರೆ ಜೂನಲ್ಲೂ ಪೂರ್ತಿ ನೆರಳು. ನಿಮ್ಮ ಜಾಗದಲ್ಲೇ ಇದ್ರೂ ಎಷ್ಟೋ ಕಡೆ ಕೌನ್ಸಿಲ್ ಪರ್ಮಿಟ್ ಇಲ್ಲದೆ ಮುಟ್ಟೋ ಹಾಗಿಲ್ಲ.

ಹಂತ 5: ಝೋನು, ಓವರ್‌ಲೇ

ಊರಲ್ಲಿ ಕನ್ವರ್ಷನ್ ಆಗದ ರೆವಿನ್ಯೂ ಸೈಟ್ ಕೊಂಡು ಒದ್ದಾಡೋರು ಇದ್ದಾರಲ್ಲ, ಇಲ್ಲೂ ಅದೇ ಥರ ಇದೆ. ಊರಾಚೆ ಐದೆಕರೆ ಜಾಗ ಕಡಿಮೆ ರೇಟಿಗೆ ಸಿಕ್ತು, ಆಫ್ ಗ್ರಿಡ್ ಮನೆ ಕಟ್ತೀನಿ ಅಂತ ಹೋಗ್ತಾರೆ, ಆಮೇಲೆ ನೋಡಿದ್ರೆ ಫಾರ್ಮಿಂಗ್ ಝೋನ್. ಬೇರೆ ಏನೂ ಹೇಳಿಲ್ಲದಿದ್ರೆ ಆ ಝೋನಲ್ಲಿ ಪರ್ಮಿಟ್ ಇಲ್ಲದೆ ಮನೆ ಕಟ್ಟೋಕೆ 40 ಹೆಕ್ಟೇರ್ ಬೇಕು, ಅಂದ್ರೆ ನೂರು ಎಕರೆ ಹತ್ತಿರ, ಅದಕ್ಕಿಂತ ಚಿಕ್ಕದಾದ್ರೆ ಕೌನ್ಸಿಲ್ ಮುಂದೆ ಬೇಸಾಯಕ್ಕೇ ಮನೆ ಬೇಕು ಅಂತ ಸಾಬೀತು ಮಾಡ್ಬೇಕು. ಊರಾಚೆ ಇರಬೇಕು ಅನ್ನೋ ಆಸೆ ಇದ್ರೆ ರೂರಲ್ ಲಿವಿಂಗ್ ಝೋನ್ ಅಥವಾ ಲೋ ಡೆನ್ಸಿಟಿ ರೆಸಿಡೆನ್ಶಿಯಲ್ ಝೋನ್ ಹುಡುಕಿ.

ವಿಕ್‌ಪ್ಲಾನ್ ಅಂತ ಸರ್ಕಾರದ ಮ್ಯಾಪ್ ಇದೆ, ಅಡ್ರೆಸ್ ಹಾಕಿದ್ರೆ ಆ ಜಾಗದ ಪ್ಲಾನಿಂಗ್ ರಿಪೋರ್ಟ್ ಫ್ರೀಯಾಗಿ ಬರುತ್ತೆ, ಎರಡು ನಿಮಿಷದ ಕೆಲಸ. ಓವರ್‌ಲೇ ಅಂದ್ರೆ ಝೋನಿನ ನಿಯಮದ ಮೇಲೆ ಆ ಜಾಗಕ್ಕೆ ಹಾಕಿರೋ ಇನ್ನೊಂದು ನಿಯಮ. ಅದರಲ್ಲಿ ಪಬ್ಲಿಕ್ ಅಕ್ವಿಸಿಷನ್ ಓವರ್‌ಲೇ ಅಂತ ಕಂಡ್ರೆ ಅಲ್ಲಿಗೇ ಬಿಟ್ಬಿಡಿ, ನಮ್ಮ ಬಿಡಿಎ ನೋಟಿಫಿಕೇಶನ್ ಇದ್ದ ಹಾಗೆ ಅದು. ಮೆಲ್ಬರ್ನ್ ಪಶ್ಚಿಮದಲ್ಲಿ ಹುಲ್ಲುಗಾವಲು ಉಳಿಸೋಕೆ ಅಂತ ದೊಡ್ಡ ಪ್ರದೇಶಕ್ಕೆ ಇದನ್ನ ಹಾಕಿದ್ದಾರೆ, ಜಾಗ ಅಗ್ಗ ಇರೋದಕ್ಕೆ ಕಾರಣ ಅದೇ ಇರಬಹುದು. ನೀರು ನುಗ್ಗೋ ಜಾಗಕ್ಕೆ ಇನಂಡೇಶನ್ ಓವರ್‌ಲೇ ಇರುತ್ತೆ. 2022ರ ಅಕ್ಟೋಬರಲ್ಲಿ ಮರಿಬಿರ್ನಾಂಗ್ ನದಿ ಉಕ್ಕಿದ್ದನ್ನ ನೋಡಿದ ಮೇಲೆ ನಾನಂತೂ ಹೊಳೆ, ಕ್ರೀಕ್ ಪಕ್ಕದ್ದು ಅಂದ್ರೆ ಓವರ್‌ಲೇ ಇಲ್ಲದಿದ್ರೂ ಮೆಲ್ಬರ್ನ್ ವಾಟರ್ ಅನ್ನೋ ಸರ್ಕಾರಿ ಸಂಸ್ಥೆಯನ್ನ ಕೇಳದೆ ಮುಂದೆ ಹೋಗಲ್ಲ.

ಹಂತ 6: ಬೆಂಕಿ

ಇದನ್ನ ಓದದೆ ದಾಟಬೇಡಿ. 2009ರ ಫೆಬ್ರವರಿ 7, ಬ್ಲ್ಯಾಕ್ ಸಾಟರ್ಡೇ, ಈ ರಾಜ್ಯದಲ್ಲಿ 173 ಜನ ಸತ್ತರು. ಕಾಡಿನಂಚಿನ, ಬೆಟ್ಟದ ಮೇಲಿನ ಸೈಟುಗಳು ನೋಡೋಕೆ ಮಲೆನಾಡಿನ ಥರ ಇರ್ತವೆ, ಮನಸ್ಸು ಸೋಲುತ್ತೆ, ಆದ್ರೆ ಬುಷ್‌ಫೈರ್ ಓವರ್‌ಲೇ ಇದೆಯಾ ನೋಡಿ, ಬ್ಯಾಲ್ ರೇಟಿಂಗ್ (ಕಾಡ್ಗಿಚ್ಚಿನ ಅಪಾಯದ ಮಟ್ಟ) ಎಷ್ಟು ಅಂತ ಕೇಳಿ. ಬ್ಯಾಲ್ ಲೋ, 12.5, 19, 29, 40, ಕೊನೆಗೆ ಫ್ಲೇಮ್ ಝೋನ್, ಆ ನಂಬರ್ ಅಂದ್ರೆ ಬೆಂಕಿ ಬಂದಾಗ ಒಂದು ಚದರ ಮೀಟರಿಗೆ ಎಷ್ಟು ಕಿಲೋವ್ಯಾಟ್ ಶಾಖ ಬಡಿಯುತ್ತೆ ಅನ್ನೋದು. 29 ದಾಟಿದ್ರೆ ಕಿಟಕಿ, ಛಾವಣಿ, ಬಾಗಿಲು ಎಲ್ಲದರ ಖರ್ಚೂ ಏರುತ್ತೆ. ದೊಡ್ಡ ಸೈಟಾದ್ರೆ ಬೆಂಕಿ ಆರಿಸೋಕೇ ಅಂತ 10,000 ಲೀಟರ್ ನೀರಿನ ಟ್ಯಾಂಕ್ ಇಡಬೇಕು. ಮಕ್ಕಳಿರೋರು 40 ಮತ್ತು ಫ್ಲೇಮ್ ಝೋನ್ ಕಡೆ ಹೋಗ್ಲೇಬೇಡಿ ಅಂತ ಕೇಳ್ಕೋತೀನಿ, ಎಷ್ಟೇ ಬಿಸಿಲಿರ್ಲಿ, ಎಷ್ಟೇ ಅಗ್ಗ ಇರ್ಲಿ.

ಹಂತ 7: ಮಣ್ಣು

ದಾವಣಗೆರೆ, ಗದಗ, ಹುಬ್ಬಳ್ಳಿ ಕಡೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಎರೆಮಣ್ಣು ಬೇಸಿಗೇಲಿ ಬಾಯಿ ಬಿಡುತ್ತೆ, ಮಳೇಲಿ ಉಬ್ಬುತ್ತೆ, ಮೇಲಿನ ಮನೆ ಗೋಡೆ ಸೀಳುತ್ತೆ. ಮೆಲ್ಬರ್ನ್ ಪಶ್ಚಿಮ ಪೂರ್ತಿ ಹಳೇ ಲಾವಾ ಬಯಲು, ಅದೇ ಗುಣದ ಜೇಡಿಮಣ್ಣು, ಕೆಳಗೆ ಕಪ್ಪು ಬಸಾಲ್ಟ್ ಕಲ್ಲು. ಇಲ್ಲಿ ಮಣ್ಣಿಗೆ ಕ್ಲಾಸ್ ಕೊಡ್ತಾರೆ, ಮೇಲ್ಮೈ 20 ರಿಂದ 40 ಮಿಲಿಮೀಟರ್ ಅಲುಗಾಡೋದಾದ್ರೆ ಎಂ, 60ರವರೆಗೆ ಎಚ್1, 75ರವರೆಗೆ ಎಚ್2, ಅದಕ್ಕೂ ಮೇಲಾದ್ರೆ ಇ, ಮಣ್ಣು ತುಂಬಿಸಿದ ಜಾಗ ಪಿ. ಕ್ಲಾಸ್ ಏರಿದಷ್ಟೂ ಪಾಯದ ಖರ್ಚು ಏರುತ್ತೆ, ನೆಲದಡಿ ಬಂಡೆ ಸಿಕ್ಕಿದ್ರೆ ರಾಕ್ ರಿಮೂವಲ್ ಅಂತ ಬೇರೆ ಬಿಲ್ಲು. ನಮ್ಮ ಪರಿಚಯದ ಒಬ್ಬರಿಗೆ ಬ್ಯಾಟರಿಗೆ ಅಂತ ಎತ್ತಿಟ್ಟ ದುಡ್ಡು ಪೂರ್ತಿ ಈ ಸೈಟ್ ಕಾಸ್ಟಿಗೇ ಹೋಯ್ತು. ಸೈಟ್ ಒಪ್ಪಂದಕ್ಕೆ ಸಹಿ ಹಾಕೋಕೆ ಮುಂಚೆ ಸಾಯಿಲ್ ಟೆಸ್ಟ್ ರಿಪೋರ್ಟ್ ಕೇಳಿ, ಇಲ್ಲಾಂದ್ರೆ ನೀವೇ ಮಾಡಿಸಿ. ಬಿಲ್ಡರ್ ಜೊತೆ ಸೈಟ್ ಕಾಸ್ಟ್ ಫಿಕ್ಸೆಡ್ ಅಂತ ಬರೆಸ್ಕೊಳ್ಳಿ, ಬಂಡೆ ಸೇರಿಸಿ.

ಹಂತ 8: ಗ್ರಿಡ್

ವಿಕ್ಟೋರಿಯಾದಲ್ಲಿ ಕರೆಂಟ್ ತಂತಿ ಐದು ಕಂಪನಿಗಳ ಕೈಲಿದೆ, ಜಾಗದ ಮೇಲೆ ಯಾವುದು ಅಂತ ತೀರ್ಮಾನ, ನೀವು ಆರಿಸೋಕಾಗಲ್ಲ, ಪಶ್ಚಿಮದಲ್ಲಿ ಪವರ್‌ಕಾರ್. ಸಾಮಾನ್ಯವಾಗಿ ಒಂದು ಫೇಸಿಗೆ 5 ಕಿಲೋವ್ಯಾಟ್ ತನಕ ಗ್ರಿಡ್‌ಗೆ ಬಿಡೋಕೆ ಕೊಡ್ತಾರೆ, ಆಗ್ಲೇ ಸೋಲಾರ್ ಜಾಸ್ತಿ ಇರೋ ಕಡೆ ಅದಕ್ಕೂ ಕಡಿಮೆ ಮಾಡ್ತಾರೆ. ಹಳ್ಳಿ ಕಡೆ ಸ್ವೆರ್ ಅಂತ ಒಂದೇ ತಂತಿಯ ಲೈನ್ ಇರುತ್ತೆ, ಕಂಬದ ಮೇಲೆ ಒಂದೇ ವೈರ್ ಕಂಡ್ರೆ ಅದೇ, ಅಂಥ ಕಡೆ ದೊಡ್ಡ ಸಿಸ್ಟಮ್ ಹಾಕೋ ಮುಂಚೆ ಕೇಳಿ. ಹೊಸ ಸೈಟಾದ್ರೆ ತ್ರೀ ಫೇಸ್ ಮೊದಲೇ ಕೇಳಿ ಹಾಕಿಸಿ, ನಾಳೆ ಎಲೆಕ್ಟ್ರಿಕ್ ಕಾರ್ ಬಂದಾಗ ನೆಲ ಅಗೆಯೋದು ತಪ್ಪುತ್ತೆ.

ಕಂಬ ದೂರ ಇದ್ದು ಆಫ್ ಗ್ರಿಡ್ ಅಂತ ಯೋಚನೆ ಇದ್ರೆ ಲೈನ್ ಎಳೆಯೋ ಕೊಟೇಶನ್ ತಗೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಫ್ ಗ್ರಿಡ್ ಅಳತೆ ಜೂನಿನ ಮೋಡದ ವಾರಕ್ಕೆ ಮಾಡಿ, ಸರಾಸರಿಗೆ ಅಲ್ಲ. ಬ್ಯಾಟರಿಗೆ 2025ರ ಜುಲೈ 1ರಿಂದ ಕೇಂದ್ರದ ರಿಯಾಯಿತಿ ಇದೆ, ಶುರುವಲ್ಲಿ ಸುಮಾರು ಶೇಕಡಾ 30, ವರ್ಷ ಕಳೆದಂತೆ ಕಡಿಮೆ ಆಗ್ತಾ ಹೋಗುತ್ತೆ, ಆಫ್ ಗ್ರಿಡ್ ಮನೆಗೂ ಸಿಗುತ್ತೆ.

ಹಂತ 9: ಕಾಗದ ಪತ್ರ

ಖಾತಾ, ಇಸಿ, ಪಹಣಿ, ಮದರ್ ಡೀಡ್ ಅಂತ ಮೂವತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕೋ ಕಷ್ಟ ಇಲ್ಲಿಲ್ಲ. 1858ರಲ್ಲಿ ಸೌತ್ ಆಸ್ಟ್ರೇಲಿಯಾದಲ್ಲಿ ಶುರುವಾದ ಟೋರೆನ್ಸ್ ಪದ್ಧತಿ, ಸರ್ಕಾರದ ರಿಜಿಸ್ಟರಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಇಲ್ಲಿ ಕಷ್ಟ ಬೇರೆ ಕಡೆ ಇದೆ. ಮಾರೋರು ಸೆಕ್ಷನ್ 32 ಅಂತ ಆಸ್ತಿ ವಿವರದ ಕಾಗದಗಳ ಒಂದು ಕಟ್ಟು ಕೊಡ್ತಾರೆ, ಎಜೆಂಟ್ ಅರ್ಜೆಂಟ್ ಮಾಡಿದ್ರೂ ಅದನ್ನ ನಿಮ್ಮ ಕನ್ವೇಯನ್ಸರ್ (ಆಸ್ತಿ ವರ್ಗಾವಣೆ ಕಾಗದ ನೋಡ್ಕೊಳ್ಳೋರು) ಓದೋ ತನಕ ಸಹಿ ಬೇಡ. ಅದರಲ್ಲಿ ನೀವೇ ಹುಡುಕ್ಬೇಕಾಗಿದ್ದು ಮೂರು. ಈಸ್‌ಮೆಂಟ್, ಅಂದ್ರೆ ಪೈಪು ಚರಂಡಿಗೆ ಅಂತ ಬಿಟ್ಟಿರೋ ಪಟ್ಟಿ, ಎಲ್ಲಿದೆ, ಅದರ ಮೇಲೆ ಕಟ್ಟೋ ಹಾಗಿಲ್ಲ, ಉತ್ತರಕ್ಕೆ ಜಾಗ ಬಿಡ್ಬೇಕು ಅಂದ್ಕೊಂಡಿರೋ ನಿಮ್ಮ ಪ್ಲಾನಿಗೆ ಅದು ಸಹಾಯಾನೂ ಆಗ್ಬಹುದು ಅಡ್ಡಾನೂ ಬರಬಹುದು. ಎರಡನೇದು ಕವೆನೆಂಟ್ (ಸೈಟಿಗೆ ಅಂಟಿದ ಷರತ್ತು) ಮತ್ತು ಡಿಸೈನ್ ಗೈಡ್‌ಲೈನ್, ಛಾವಣಿ ಬಣ್ಣ, ಮುಖ, ಕೆಲವು ಕಡೆ ಪ್ಯಾನೆಲ್ ರಸ್ತೆಗೆ ಕಾಣಬಾರದು ಅಂತ ಬರೆದಿರ್ತಾರೆ, ರಸ್ತೆ ಉತ್ತರಕ್ಕಿರೋ ಸೈಟಿಗೆ ಆ ಒಂದು ಸಾಲು ಎಲ್ಲಾ ಕೆಡಿಸುತ್ತೆ, ಸಹಿಗೆ ಮುಂಚೆ ಡೆವಲಪರ್ ಹತ್ರ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಮೂರನೇದು ಪಕ್ಕದ ಉತ್ತರದ ಸೈಟಿನ ಬಿಲ್ಡಿಂಗ್ ಎನ್ವಲಪ್, ಅಲ್ಲಿ ಎಷ್ಟು ಎತ್ತರ, ಗಡಿಗೆ ಎಷ್ಟು ಹತ್ತಿರ ಕಟ್ಟಬಹುದು ಅಂತ ಅದೇ ಕಾಗದದಲ್ಲಿ ಇರುತ್ತೆ, ನಾವು ನಮ್ಮ ಸೈಟಿನ ಪುಟ ಮಾತ್ರ ಓದಿದ್ವಿ.

ಇನ್ನೂ ಟೈಟಲ್ (ರಿಜಿಸ್ಟರಲ್ಲಿ ಬೇರೆ ಸೈಟ್ ಅಂತ ದಾಖಲೆ) ಆಗದ ಸೈಟಾದ್ರೆ ಮುಂಗಡ ಶೇಕಡಾ 10 ದಾಟಬಾರದು. ಖಾಸಗಿ ಮಾರಾಟದಲ್ಲಿ ಸಹಿ ಆದ ಮೇಲೂ ಮೂರು ಕೆಲಸದ ದಿನ ಕೂಲಿಂಗ್ ಆಫ್, ಅಂದ್ರೆ ಮನಸ್ಸು ಬದಲಾಯಿಸೋ ಅವಕಾಶ ಇದೆ, ಹರಾಜಲ್ಲಿ ಕೊಂಡ್ರೆ ಅದಿಲ್ಲ.

ಹಂತ 10: ಜೂನಲ್ಲಿ ಒಂದ್ಸಲ ಹೋಗಿ ನಿಂತ್ಕೊಳ್ಳಿ

ಸಾಧ್ಯ ಆದ್ರೆ ಜೂನ್ ಮೂರನೇ ವಾರ, ಬೆಳಗ್ಗೆ 9, ಮಧ್ಯಾಹ್ನ 12.20ರ ಸುಮಾರು, ಸಾಯಂಕಾಲ 3, ಮೂರು ಸಲ ಹೋಗಿ. 12.20 ಯಾಕೆ ಅಂದ್ರೆ ಆ ದಿನಗಳಲ್ಲಿ ಇಲ್ಲಿ ಸೂರ್ಯ ಸರಿಯಾಗಿ ಉತ್ತರಕ್ಕೆ, ಆ ದಿನದ ಅತಿ ಎತ್ತರಕ್ಕೆ ಬರೋದು ಆ ಹೊತ್ತಿಗೆ. ಒಂದು ಮೀಟರ್ ಕೋಲು ತಗೊಂಡು ಹೋಗಿ ನೆಡಿ, 12.20ಕ್ಕೆ ನೆರಳು ಬಿದ್ದ ದಿಕ್ಕು ನಿಜವಾದ ದಕ್ಷಿಣ, ಯಾವ ಕಂಪಾಸೂ ಬೇಡ. ಬೇರೆ ತಿಂಗಳಲ್ಲಿ ಹೋಗ್ತಿದ್ರೆ ಸನ್‌ಕ್ಯಾಲ್ಕ್ ಆ್ಯಪಲ್ಲಿ ಜೂನ್ 21 ಹಾಕಿ ಸೂರ್ಯನ ದಾರಿ ನೋಡಿ, ಆ ದಾರಿಯಲ್ಲಿ ಅಡ್ಡ ಬರೋ ಮರ, ಮನೆ, ಗುಡ್ಡ ಫೋಟೋ ತೆಗೆದಿಟ್ಕೊಳ್ಳಿ. ಭಾರತದಲ್ಲಿ ಕೂತು ಕೊಳ್ತಿದ್ರೆ ಇಲ್ಲಿರೋ ಯಾರಾದ್ರೂ ಪರಿಚಯದೋರಿಗೆ ಇಷ್ಟು ಮಾಡೋಕೆ ಹೇಳಿ, ಸಂಕೋಚ ಬೇಡ, ಕನ್ನಡ ಸಂಘದಲ್ಲಿ ಕೇಳಿದ್ರೂ ಯಾರಾದ್ರೂ ಬರ್ತಾರೆ, ನಾನೇ ನಾಲ್ಕೈದು ಜನಕ್ಕೆ ಕೋಲು ಹಿಡ್ಕೊಂಡು ಹೋಗಿದೀನಿ.

ಸೈಟ್ ಕೈಗೆ ಬಂದ ಮೇಲೆ ಬಿಲ್ಡರ್ ತೋರಿಸೋ ಪ್ಲಾನನ್ನ ಹಾಗೇ ಒಪ್ಕೋಬೇಡಿ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ಕೊಡಿ ಅಂದ್ರೆ ಹೆಚ್ಚು ಕಡೆ ದುಡ್ಡಿಲ್ಲದೆ ತಿರುಗಿಸ್ತಾರೆ. ಗರಾಜು, ಬಾತ್‌ರೂಮು, ಲಾಂಡ್ರಿ ದಕ್ಷಿಣ ಪಶ್ಚಿಮಕ್ಕೆ ಹೋಗ್ಲಿ, ಹಾಲು ಉತ್ತರಕ್ಕೆ ಬರ್ಲಿ. ನಾಲ್ಕು ಕಡೆ ಇಳಿಯೋ ಹಿಪ್ ಛಾವಣಿ ಉತ್ತರದ ಮುಖವನ್ನ ತ್ರಿಕೋನ ಚೂರು ಮಾಡುತ್ತೆ, ಪೂರ್ವ ಪಶ್ಚಿಮವಾಗಿ ಒಂದೇ ಉದ್ದನೆ ಏಣು ಇರೋ ಗೇಬಲ್ ಛಾವಣಿ ಕೇಳಿ. 10 ಕಿಲೋವ್ಯಾಟಿಗೆ 440 ವ್ಯಾಟಿನ 23 ಪ್ಯಾನೆಲ್, ಒಂದೊಂದು ಸುಮಾರು 2 ಚದರ ಮೀಟರ್, ಅಂಚು ಬಿಟ್ಟು 50 ಚದರ ಮೀಟರ್ ಅಡ್ಡಿಯಿಲ್ಲದ ಉತ್ತರದ ಛಾವಣಿ ಬೇಕು. ವೆಂಟ್ ಪೈಪು, ಆಂಟೆನಾ, ಎಸಿ ಡಕ್ಟು ಎಲ್ಲಾ ದಕ್ಷಿಣದ ಇಳಿಜಾರಿಗೆ ಹಾಕ್ಬೇಕು ಅಂತ ಡ್ರಾಯಿಂಗಲ್ಲೇ ಬರೆಸಿ, ಬಾಯಲ್ಲಿ ಹೇಳಿದ್ರೆ ಪ್ಲಂಬರ್‌ಗೆ ಅದು ತಲುಪಲ್ಲ, ನಮ್ಮ ಎರಡನೇ ಮನೇಲಿ ಇದನ್ನೆಲ್ಲಾ ಬರೆಸಿಟ್ಟಿದ್ವಿ, ಉತ್ತರದ ಛಾವಣಿ ಮೇಲೆ ಒಂದು ಪೈಪೂ ಇಲ್ಲ.